ಸೀ ಅರ್ಚಿನ್ ಚಿಪ್ಪು ಒಡೆಯದಂತೆ ತೊಳೆಯುವುದು ಹೇಗೆ?

ಆಸೆಯಿಂದ ತಂದ ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಉರುಟು ಕಡಲಜೀವಿ) ಚಿಪ್ಪು ಬಕೆಟ್ಟಿನ ತಳದಲ್ಲಿ ಚೂರುಚೂರಾಗಿ ಬಿದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಡವಟ್ಟಾಗುವುದು ಹೆಚ್ಚಾಗಿ ಬ್ಲೀಚ್ ಹಾಕುವಾಗಲೇ.

ಸತ್ತಿರುವುದನ್ನು ಮಾತ್ರ ಆರಿಸಿ. ಭಾರತದ ಬಂಡೆಗಲ್ಲಿನ ತೀರಗಳಲ್ಲಿರುವ ಸ್ಟೋಮೊಪ್ನ್ಯೂಸ್ಟಿಸ್ ವೇರಿಯೊಲಾರಿಸ್ ಎಂಬ ಕಪ್ಪು ಜಾತಿಯ ಸೀ ಅರ್ಚಿನ್ ಕಲ್ಲಿನ ಗುಂಡಿಯೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಮುಳ್ಳು ಅಲುಗಿದರೆ ಜೀವ ಇದೆ ಅಂತಲೇ ಅರ್ಥ, ಬಿಟ್ಟುಬಿಡಿ.

ಮನೆಗೆ ತಂದದ್ದನ್ನು ಒಂದು ರಾತ್ರಿ ಸಿಹಿನೀರಿನಲ್ಲಿ ನೆನೆಸಿ. ಉಳಿದ ಮುಳ್ಳುಗಳನ್ನು ಹಳೇ ಟೂತ್‌ಬ್ರಷ್‌ನಿಂದ ಉದುರಿಸಿ.

ಈಗ ಬ್ಲೀಚ್. ಈ ಚಿಪ್ಪು ಒಂದೇ ತುಂಡಲ್ಲ. ಸುಣ್ಣದ ಪುಟ್ಟ ಬಿಲ್ಲೆಗಳನ್ನು 20 ಸಾಲುಗಳಲ್ಲಿ ಜೋಡಿಸಿದಂತಿದೆ, ಬಿಲ್ಲೆಗಳ ನಡುವೆ ಸಣ್ಣ ನಾರಿನ ಹಿಡಿತ. ಬ್ಲೀಚ್ ಕೊಳೆಯನ್ನು ತಿನ್ನುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಆ ನಾರನ್ನೂ ತಿನ್ನುತ್ತದೆ. ಹಾಗಾಗಿ ಒಂದು ಲೋಟ ಬ್ಲೀಚ್‌ಗೆ ನಾಲ್ಕು ಲೋಟ ನೀರು ಬೆರೆಸಿ, ಕೈಗೆ ಗ್ಲೌಸ್ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಬಾಯಿಯ ಸುತ್ತಲಿನ ಪೊರೆ ಕರಗಿ, ಐದು ಹಲ್ಲಿನ ದವಡೆ ಸಡಿಲವಾಗಿ ಹೊರಬಂದರೆ ಸಾಕು. ಅದನ್ನು ಎತ್ತಿಡಿ, ಚಿಪ್ಪಿನಷ್ಟೇ ಚೆಂದ ಅದು. ರಾತ್ರಿಯಿಡೀ ಬಿಟ್ಟು ಮಲಗಲೇಬೇಡಿ. ಬಣ್ಣ ಇನ್ನೂ ಪೂರ್ತಿ ಬಿಳಿಯಾಗಿಲ್ಲ ಅಂತ ಮತ್ತೆ ಮುಳುಗಿಸುವುದೂ ಬೇಡ. ಕೆಲವರು ವಿನೆಗರ್ ಹಾಕಿ ಅಂತಾರೆ. ಅದು ಸುಣ್ಣವನ್ನೇ ಕರಗಿಸುತ್ತದೆ, ಬ್ಲೀಚ್ ಜೊತೆ ಬೆರೆತರೆ ವಿಷದ ಗಾಳಿ ಬರುತ್ತದೆ.

ತೊಳೆದು ನೆರಳಲ್ಲಿ ಒಣಗಿಸಿ. ವಾರ್ನಿಷ್ ಬೇಡ, ಕ್ರಮೇಣ ಹಳದಿಯಾಗುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಿ ಒಳಗಡೆ ತೆಳುವಾಗಿ ಬಳಿದರೆ ಸಾಕು.

ಈಗ ದೀಪದ ಮೇಲೆ ಹಿಡಿಯಿರಿ. ಐದು ಪಟ್ಟಿಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಹೊಳೆಯುತ್ತವೆ. ಅಲ್ಲಿಂದಲೇ ಅದರ ಮೃದುವಾದ ಕೊಳವೆಕಾಲುಗಳು ಹೊರಬರುತ್ತಿದ್ದವು. ಮೈಮೇಲಿನ ಉರುಟು ಗುಬುಟುಗಳು ಮುಳ್ಳಿನ ಬುಡ ಕೂರುವ ಜಾಗ. 1816ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ ಕೊಟ್ಟ ವೇರಿಯೊಲಾರಿಸ್ ಎಂಬ ಹೆಸರಿನಲ್ಲೂ ಸಿಡುಬಿಗಿರುವ ಲ್ಯಾಟಿನ್ ಪದವಿದೆ. ಗುಬುಟುಗಳ ನಡುವೆ ಮೇಲಿಂದ ಕೆಳಗೆ ಆಳವಾದ ಅಂಕುಡೊಂಕು ಗೆರೆ ಕಂಡಿತಾ? ಹಾಗಿದ್ದರೆ ನಿಮ್ಮ ಕೈಯಲ್ಲಿರುವುದು ಇದೇ ಜಾತಿ.