ಲೀಫ್ ಮತ್ತು ಸ್ಪೈನ್ ನಡುವೆ ಬಿಜಿಪಿ: ನನ್ನ ಅನುಭವ

ಹದಿನಾರು ಲೀಫ್ (ರ‍್ಯಾಕ್‌ನ ಸರ್ವರ್‌ಗಳು ಸೇರುವ) ಹಾಗೂ ನಾಲ್ಕು ಸ್ಪೈನ್ (ಲೀಫ್‌ಗಳನ್ನೆಲ್ಲ ಜೋಡಿಸುವ) ಸ್ವಿಚ್‌ಗಳಿದ್ದ ಒಂದು ಡೇಟಾ ಸೆಂಟರ್ ನೆಟ್‌ವರ್ಕನ್ನು ಓಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೊಕಾಲ್‌ನಿಂದ (ದಾರಿಗಳನ್ನು ಪರಸ್ಪರ ತಿಳಿಸುವ ನಿಯಮಾವಳಿ) ಬಿಜಿಪಿ ಎಂಬ ಇನ್ನೊಂದಕ್ಕೆ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತು ಸ್ವಿಚ್‌ಗಳಿಗೆ ಓಎಸ್‌ಪಿಎಫ್ ಧಾರಾಳವಾಗಿ ಸಾಕು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮಲ್ಲಿ ಕೆಲವು ಸರ್ವರ್‌ಗಳು ತಮ್ಮ ಸೇವೆಯ ವಿಳಾಸಗಳನ್ನು ತಾವೇ ಪ್ರಕಟಿಸುತ್ತಿದ್ದವು. ಓಎಸ್‌ಪಿಎಫ್‌ನಲ್ಲಿ ಒಂದು ಏರಿಯಾದೊಳಗಿನ, ಅಂದರೆ ಒಂದು ಗುಂಪಿನ, ಎಲ್ಲರ ಬಳಿಯೂ ಒಂದೇ ಡೇಟಾಬೇಸ್ ಇರಬೇಕಾದ್ದರಿಂದ, ಒಂದು ಸರ್ವರ್ ತಪ್ಪು ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಹೇಳಿದರೆ ಅದನ್ನು ಲೀಫ್‌ನಲ್ಲೇ ತಡೆದು ನಿಲ್ಲಿಸುವುದಕ್ಕೆ ದಾರಿಯಿರಲಿಲ್ಲ. ಬಿಜಿಪಿಯಲ್ಲಿ ಪ್ರತಿಯೊಬ್ಬ ನೆರೆಯವನಿಗೂ ಏನು ಹೇಳಬೇಕು, ಅವನಿಂದ ಏನನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಬೇರೆ ಬೇರೆಯಾಗಿ ನಿರ್ಧರಿಸಬಹುದು. ನಾವು ಬದಲಾಯಿಸಿದ್ದಕ್ಕೆ ಇದೊಂದೇ ಕಾರಣ.

ಮೊದಲ ತಪ್ಪು ಎಎಸ್ ಸಂಖ್ಯೆಗಳನ್ನು (ಬಿಜಿಪಿಯಲ್ಲಿ ಒಂದು ಸ್ವಿಚ್ಚನ್ನೋ ಗುಂಪನ್ನೋ ಗುರುತಿಸುವ ಸಂಖ್ಯೆ) ಹಂಚುವಾಗಲೇ ಆಯಿತು. ಖಾಸಗಿ ಬಳಕೆಗೆಂದು 64512ರಿಂದ 65534ರವರೆಗೆ 1,023 ಸಂಖ್ಯೆಗಳಿರುವಾಗ ಜಿಪುಣತನ ಏಕೆಂದು ಪ್ರತಿ ಸ್ವಿಚ್‌ಗೂ ಒಂದೊಂದು ಕೊಟ್ಟೆ. ಸ್ಪೈನ್‌ಗಳಿಗೆ 65001ರಿಂದ 65004, ಲೀಫ್‌ಗಳಿಗೆ 65101ರಿಂದ 65116. ಪರೀಕ್ಷೆಗೆಂದು ಏಳನೆಯ ಲೀಫ್‌ನ ಒಂದು ಪ್ರಿಫಿಕ್ಸನ್ನು ಹಿಂತೆಗೆದುಕೊಂಡಾಗ ಅದು ತಕ್ಷಣ ಮಾಯವಾಗಲಿಲ್ಲ. ಮೊದಲನೆಯ ಸ್ಪೈನ್‌ನಲ್ಲಿ ಆ ಪ್ರಿಫಿಕ್ಸ್‌ಗೆ 65102 65002 65107 ಎಂಬ ಎಎಸ್ ಪಾಥ್ (ಸುದ್ದಿ ಹಾದುಬಂದ ಎಎಸ್ ಸಂಖ್ಯೆಗಳ ಸಾಲು) ಕಾಣಿಸಿಕೊಂಡಿತು. ಅಂದರೆ ಎರಡನೆಯ ಸ್ಪೈನ್‌ನಿಂದ ಎರಡನೆಯ ಲೀಫ್ ಕೇಳಿಸಿಕೊಂಡ ಹಳೆಯ ಸುದ್ದಿಯನ್ನು, ಕೆಳಗಿಳಿದು ಮತ್ತೆ ಮೇಲೇರುವ ದಾರಿಯನ್ನು, ಸ್ಪೈನ್ ನಿಜವೆಂದು ನಂಬಿ ಇತರರಿಗೂ ಹಂಚುತ್ತಿತ್ತು. ಇಲ್ಲದ ದಾರಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಕೈಬಿಡುವ ಇದನ್ನೇ ಪಾಥ್ ಹಂಟಿಂಗ್ ಎನ್ನುತ್ತಾರೆ. 2016ರ ಆರ್‌ಎಫ್‌ಸಿ 7938 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ತಂತ್ರಜ್ಞಾನದ ಪ್ರಕಟಿತ ದಾಖಲೆ) ಸೂಚಿಸುವಂತೆ ನಾಲ್ಕೂ ಸ್ಪೈನ್‌ಗಳಿಗೆ 65000 ಎಂಬ ಒಂದೇ ಸಂಖ್ಯೆ ಕೊಟ್ಟ ಮೇಲೆ, ಲೀಫ್ ಮೂಲಕ ಮೇಲೆ ಬಂದ ಇಂತಹ ಪಾಥ್‌ನಲ್ಲಿ ತನ್ನದೇ ಸಂಖ್ಯೆಯನ್ನು ಕಂಡು ಸ್ಪೈನ್ ಅದನ್ನು ತಿರಸ್ಕರಿಸತೊಡಗಿತು. ಇನ್ನೊಂದು ಲಾಭವೂ ಸಿಕ್ಕಿತು: ಯಾವ ಸ್ಪೈನ್ ಮೂಲಕ ಹೋದರೂ ಎಎಸ್ ಪಾಥ್ ಒಂದೇ ಆದ್ದರಿಂದ, ನಾಲ್ಕೂ ದಾರಿಗಳಲ್ಲಿ ಟ್ರಾಫಿಕ್ ಹಂಚಿಹೋಗಲು ಲೀಫ್‌ಗಳಲ್ಲಿ ಮಲ್ಟಿಪಾಥ್ ರಿಲ್ಯಾಕ್ಸ್ (ಉದ್ದ ಒಂದೇ ಇದ್ದು ಸಂಖ್ಯೆಗಳು ಬೇರೆಯಾದ ಪಾಥ್‌ಗಳನ್ನೂ ಒಟ್ಟಿಗೆ ಬಳಸುವ ಸೆಟ್ಟಿಂಗ್) ಬೇಕಾಗಲಿಲ್ಲ. ಒಂದೇ ಸೇವೆಯ ವಿಳಾಸವನ್ನು ಮೂರು ರ‍್ಯಾಕ್‌ಗಳಿಂದ ಪ್ರಕಟಿಸುತ್ತಿದ್ದ ಕಾರಣ ಸ್ಪೈನ್‌ಗಳಲ್ಲಿ ಮಾತ್ರ ಅದನ್ನು ಉಳಿಸಿಕೊಂಡೆವು.

ಎರಡನೆಯ ತಪ್ಪು ಸಂಪೂರ್ಣ ನನ್ನದೇ. ಹನ್ನೊಂದನೆಯ ಲೀಫ್‌ನ ಕಾನ್ಫಿಗರೇಶನ್ ನಕಲು ಮಾಡಿ ಹದಿನಾಲ್ಕನೆಯದನ್ನು ಸಿದ್ಧಪಡಿಸಿದಾಗ ವಿಳಾಸಗಳನ್ನೆಲ್ಲ ಬದಲಿಸಿ, ಎಎಸ್ ಸಂಖ್ಯೆಯನ್ನು 65111 ಎಂದೇ ಬಿಟ್ಟುಬಿಟ್ಟಿದ್ದೆ. ನಮ್ಮ ಸ್ಪೈನ್‌ಗಳು ನೆರೆಯವನ ಎಎಸ್ ತಮ್ಮದಲ್ಲದಿದ್ದರೆ ಸಾಕು ಎನ್ನುವ ಸೆಟ್ಟಿಂಗ್‌ನಲ್ಲಿದ್ದುದರಿಂದ ಎಲ್ಲ ಸೆಷನ್‌ಗಳೂ ಎಸ್ಟಾಬ್ಲಿಷ್ಡ್ (ಸಂಪರ್ಕ ಸಿದ್ಧ) ಎಂದೇ ತೋರಿಸುತ್ತಿದ್ದವು. ಆ ಎರಡು ರ‍್ಯಾಕ್‌ಗಳೂ ಉಳಿದ ಹದಿನಾಲ್ಕರ ಜೊತೆ ಚೆನ್ನಾಗಿ ಮಾತನಾಡುತ್ತಿದ್ದವು. ಪರಸ್ಪರ ಮಾತ್ರ ಇಲ್ಲ. ಕೇಬಲ್, ಫೈರ್‌ವಾಲ್, ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಎಂದು ಅರ್ಧ ದಿನ ಅಲೆದೆವು. ಸ್ಪೈನ್‌ನ ಟೇಬಲ್‌ನಲ್ಲಿ ಎರಡೂ ಪ್ರಿಫಿಕ್ಸ್‌ಗಳಿದ್ದವು, ಲೀಫ್‌ನಲ್ಲಿ ಎದುರಿನದರ ಸುಳಿವೇ ಇರಲಿಲ್ಲ. ಕೊನೆಗೆ ಅಪ್‌ಡೇಟ್ ಡಿಬಗ್ ಹಾಕಿದಾಗ, ಪಾಥ್‌ನಲ್ಲಿ ತನ್ನದೇ ಎಎಸ್ ಇರುವುದರಿಂದ ತಿರಸ್ಕರಿಸಲಾಗಿದೆ ಎಂಬ ಸಾಲು ಕಣ್ಣಿಗೆ ಬಿತ್ತು. ಸ್ಪೈನ್‌ಗಳನ್ನು ಕಾಪಾಡಿದ ಅದೇ ನಿಯಮ ಇಲ್ಲಿ ನನಗೆ ಮುಳುವಾಗಿತ್ತು. ಅಂದಿನಿಂದ ಎಎಸ್ ಸಂಖ್ಯೆಯನ್ನು ಕೈಯಿಂದ ಬರೆಯುವುದನ್ನೇ ನಿಲ್ಲಿಸಿ, ರ‍್ಯಾಕ್ ಸಂಖ್ಯೆಯಿಂದ ಅದನ್ನು ಲೆಕ್ಕ ಹಾಕುವ ಟೆಂಪ್ಲೇಟ್ ಬಳಸುತ್ತಿದ್ದೇವೆ.

ಲಿಂಕ್‌ಗಳಿಗೆ ನಾವಾಗಿ ಐಪಿ ವಿಳಾಸ ಕೊಡಲಿಲ್ಲ. ಆರ್‌ಎಫ್‌ಸಿ 5549, ಈಗ ಅದರ ಜಾಗದಲ್ಲಿರುವ 2020ರ ಆರ್‌ಎಫ್‌ಸಿ 8950, ಐಪಿವಿ4 ಪ್ರಿಫಿಕ್ಸ್‌ಗೆ ಐಪಿವಿ6 ನೆಕ್ಸ್ಟ್ ಹಾಪ್ (ಪ್ಯಾಕೆಟ್ ಮುಂದೆ ಹೋಗಬೇಕಾದ ನೆರೆಯ ವಿಳಾಸ) ಇರಲು ಅವಕಾಶ ಕೊಡುವುದರಿಂದ, 64 ಲಿಂಕ್‌ಗಳಿಗೆ 128 ವಿಳಾಸಗಳ ಪಟ್ಟಿಯನ್ನು ಕಾಪಾಡುವ ಕಷ್ಟ ತಪ್ಪಿತು. ಇದರಲ್ಲಿ ಒಂದು ಅಪಾಯವೂ ಇದೆ: ಕೇಬಲನ್ನು ತಪ್ಪು ಪೋರ್ಟ್‌ಗೆ ಚುಚ್ಚಿದರೂ ಸೆಷನ್ ಸಲೀಸಾಗಿ ಮೇಲೇಳುತ್ತದೆ, ಹಿಂದೆ ಹೊಂದದ ವಿಳಾಸವೇ ಆ ತಪ್ಪನ್ನು ಹಿಡಿದುಕೊಡುತ್ತಿತ್ತು. ಹಾಗಾಗಿ ಎಲ್‌ಎಲ್‌ಡಿಪಿ (ಪಕ್ಕದ ಸಾಧನ ಯಾವುದೆಂದು ತಿಳಿಸುವ ಪ್ರೋಟೊಕಾಲ್) ತೋರಿಸುವ ನೆರೆಯವರನ್ನು ನಕ್ಷೆಯೊಡನೆ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆಯಬೇಕಾಯಿತು.

ಟೈಮರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಪ್‌ಅಲೈವ್ (ಜೀವಂತವಿದ್ದೇನೆ ಎಂಬ ಸಂದೇಶಗಳ ನಡುವಿನ ಅಂತರ) 60, ಹೋಲ್ಡ್ (ಸಂದೇಶ ಬಾರದಿದ್ದರೆ ಕಾಯುವ ಮಿತಿ) 180 ಸೆಕೆಂಡುಗಳಿದ್ದದ್ದನ್ನು 3 ಮತ್ತು 9ಕ್ಕೆ ಇಳಿಸಿದೆವು. ಲಿಂಕ್ ಸತ್ತರೆ ಸೆಷನ್ ಹೇಗೂ ಕೂಡಲೇ ಬೀಳುತ್ತದೆ. ಲಿಂಕ್ ಜೀವಂತವಿದ್ದು ಎದುರಿನವನು ಮೌನವಾದಾಗ ಮಾತ್ರ ಈ ಸಂಖ್ಯೆಗಳು ಮುಖ್ಯವಾಗುತ್ತವೆ.

ಫಿಲ್ಟರ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಆರಂಭದಲ್ಲಿ ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್ (ನೇರ ಜೋಡಿಸಿರುವ ಎಲ್ಲ ನೆಟ್‌ವರ್ಕ್‌ಗಳನ್ನೂ ಪ್ರಕಟಿಸು) ಎಂದು ಬರೆದು ಸುಮ್ಮನಿದ್ದಾಗ, ಮ್ಯಾನೇಜ್‌ಮೆಂಟ್ ನೆಟ್‌ವರ್ಕ್‌ಗೆ ಹದಿನಾರು ದಾರಿಗಳು ಸ್ಪೈನ್‌ನ ಬಿಜಿಪಿ ಟೇಬಲ್‌ನಲ್ಲಿ ಸಾಲಾಗಿ ನಿಂತಿದ್ದವು. ಈಗ ಲೀಫ್ ತನ್ನ ಲೂಪ್‌ಬ್ಯಾಕ್ (ಸ್ವಿಚ್‌ನ ಸ್ವಂತ ವಿಳಾಸ), ತನ್ನ ರ‍್ಯಾಕ್‌ನ ಪ್ರಿಫಿಕ್ಸ್ ಮತ್ತು ಸರ್ವರ್‌ಗಳಿಂದ ಒಪ್ಪಿಕೊಂಡ ಸೇವಾ ವಿಳಾಸಗಳನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಟೇಬಲ್ ಚಿಕ್ಕದಾಗಲೆಂದು ಸ್ಪೈನ್‌ನಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಸಮರಿ ಕಳಿಸೋಣ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದಾಗಲೂ ಒಪ್ಪಲಿಲ್ಲ, ಏಕೆಂದರೆ ಒಂದು ಸ್ಪೈನ್‌ಗೂ ಒಂದು ಲೀಫ್‌ಗೂ ನಡುವಿನ ಲಿಂಕ್ ಕಡಿದಾಗಲೂ ಆ ಸ್ಪೈನ್ ಸಮರಿಯನ್ನು ಹೇಳುತ್ತಲೇ ಇದ್ದು, ತಲುಪಿಸಲಾಗದ ಪ್ಯಾಕೆಟ್‌ಗಳನ್ನು ತನ್ನತ್ತ ಸೆಳೆದು ಬಿಸಾಡುತ್ತದೆ.

ಸ್ಪೈನ್ ರೀಬೂಟ್ ಮಾಡುವುದು ಈಗ ಹಗಲಿನ ಕೆಲಸವಾಗಿದೆ. ಮೊದಲು ಅದು ಹೇಳುವ ಎಲ್ಲ ಪಾಥ್‌ಗಳಿಗೂ 65000 ಅನ್ನು ಇನ್ನೆರಡು ಬಾರಿ ಸೇರಿಸುತ್ತೇನೆ. ಪಾಥ್ ಉದ್ದವಾದ ಕೂಡಲೇ ಲೀಫ್‌ಗಳು ಉಳಿದ ಮೂರರತ್ತ ತಿರುಗುತ್ತವೆ. ಪೋರ್ಟ್‌ಗಳ ಕೌಂಟರ್ ನೋಡುತ್ತಾ ಕುಳಿತು, ಕೀಪ್‌ಅಲೈವ್‌ಗಳಷ್ಟೇ ಓಡಾಡುತ್ತಿವೆ ಎಂದು ಖಚಿತವಾದ ಮೇಲೆ ರೀಬೂಟ್ ಒತ್ತುತ್ತೇನೆ.