ಎಂಟರ್ ಒತ್ತಿ ಪುಟ ತಳ್ಳಬೇಡಿ: ವರ್ಡ್‌ನಲ್ಲಿ ಪೇಜ್ ಬ್ರೇಕ್, ಸೆಕ್ಷನ್ ಬ್ರೇಕ್ ಮತ್ತು ಬೇಡದ ಖಾಲಿ ಪುಟ

ಮನೆಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿದ್ದ 80 ಪುಟದ ಪ್ರಾಜೆಕ್ಟ್ ವರದಿ ಜೆರಾಕ್ಸ್ ಅಂಗಡಿಯಲ್ಲಿ ತೆರೆದ ಕೂಡಲೇ 83 ಪುಟವಾಗಿರುತ್ತದೆ. ಎರಡನೇ ಅಧ್ಯಾಯದ ಶೀರ್ಷಿಕೆ ಪುಟದ ನಡುವೆ ಬಂದು ಕೂತಿರುತ್ತದೆ, ಪರಿವಿಡಿಯ ಪುಟಸಂಖ್ಯೆ ಒಂದೂ ತಾಳೆಯಾಗುವುದಿಲ್ಲ. ಇದು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಬೈಂಡಿಂಗ್‌ಗೆ ಕೊಡಬೇಕಾದ ದಿನವೇ. ವೈರಸ್ ಅಲ್ಲ, ಅಂಗಡಿಯವರ ತಪ್ಪೂ ಅಲ್ಲ. ಅಧ್ಯಾಯ ಮುಗಿದಾಗಲೆಲ್ಲ ಹೊಸ ಪುಟ ಕಾಣುವ ತನಕ ಎಂಟರ್ ಒತ್ತುತ್ತ ಹೋದದ್ದರ ಫಲ ಇದು.

ಎಂಟರ್ ಒತ್ತಿದಷ್ಟೂ ಖಾಲಿ ಪ್ಯಾರಾಗಳು ಸೇರುತ್ತವೆ, ಅಷ್ಟೇ. ಹದಿನೈದು ಖಾಲಿ ಪ್ಯಾರಾ ಸೇರಿ ಶೀರ್ಷಿಕೆಯನ್ನು ಮುಂದಿನ ಪುಟಕ್ಕೆ ತಳ್ಳಿವೆ ಎಂದರೆ ಆ ಲೆಕ್ಕ ಆ ಫಾಂಟಿಗೆ, ಆ ಕಾಗದದ ಅಳತೆಗೆ ಮಾತ್ರ ಸರಿ. ಕನ್ನಡದಲ್ಲಿ ಈ ಲೆಕ್ಕ ಬೇಗ ತಪ್ಪುತ್ತದೆ. ನೀವು ತುಂಗಾ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ ಎನ್ನಿ. ವಿಂಡೋಸ್ 10ರಿಂದೀಚೆಗೆ ತುಂಗಾ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಅದು ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಆಪ್ಷನಲ್ ಫೀಚರ್‌ನೊಳಗೆ ಸೇರಿದೆ. ಅಂಗಡಿಯ ಯಂತ್ರದಲ್ಲಿ ಅದಿಲ್ಲದಿದ್ದರೆ ನಿರ್ಮಲಾದಂಥ ಬೇರೆ ಫಾಂಟ್ ಅದರ ಜಾಗಕ್ಕೆ ಬರುತ್ತದೆ, ಅಕ್ಷರದ ಅಗಲವೂ ಸಾಲಿನ ಎತ್ತರವೂ ಬದಲಾಗುತ್ತವೆ. ಕಾಗದದ ಅಳತೆಯೂ ಇಂಥದ್ದೇ ಕೆಲಸ ಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಹೊಸ ಫೈಲ್ ಲೆಟರ್ ಅಳತೆಯಲ್ಲಿ, ಅಂದರೆ 27.94 ಸೆಂ.ಮೀ. ಉದ್ದದಲ್ಲಿ ತೆರೆಯುತ್ತದೆ, ನಮ್ಮಲ್ಲಿ ಮುದ್ರಿಸುವ ಎ4 ಹಾಳೆಯ ಉದ್ದ 29.7 ಸೆಂ.ಮೀ. ಆದ್ದರಿಂದ ಒಂದಕ್ಷರ ಟೈಪ್ ಮಾಡುವ ಮೊದಲೇ ಲೇಔಟ್ ಟ್ಯಾಬಿನ ‘ಸೈಜ್’ನಲ್ಲಿ ಎ4 ಆರಿಸಿ. ಕೊನೆಯಲ್ಲಿ ಬದಲಿಸಿದರೆ ಎಲ್ಲ ಪುಟವನ್ನೂ ಮತ್ತೆ ನೋಡಬೇಕು.

ಹೊಸ ಪುಟಕ್ಕೆ ಮಾಡಬೇಕಾದದ್ದು ಇಷ್ಟೇ. ಹೊಸ ಪುಟದಲ್ಲಿ ಬರಬೇಕಾದ ಅಕ್ಷರಕ್ಕಿಂತ ಮೊದಲು ಕರ್ಸರ್ ಇಟ್ಟು ಕಂಟ್ರೋಲ್ ಒತ್ತಿಹಿಡಿದು ಎಂಟರ್ ಒತ್ತಿ. ಮ್ಯಾಕ್‌ನಲ್ಲಾದರೆ ಕಮಾಂಡ್ ಜೊತೆ ರಿಟರ್ನ್. ಮೌಸ್ ಹಿಡಿದವರಿಗೆ ಇನ್ಸರ್ಟ್ ಟ್ಯಾಬಿನ ಎಡತುದಿಯಲ್ಲಿ ‘ಪೇಜ್ ಬ್ರೇಕ್’ ಇದೆ. ಅದರ ಪಕ್ಕದ ‘ಬ್ಲ್ಯಾಂಕ್ ಪೇಜ್’ ಬೇರೆಯೇ. ಅದು ಒಂದರ ಹಿಂದೊಂದು ಎರಡು ಬ್ರೇಕ್ ಹಾಕಿ ನಡುವೆ ಒಂದು ಖಾಲಿ ಪುಟ ಬಿಡುತ್ತದೆ. ಚಿತ್ರ ಅಂಟಿಸಲೋ ಸಹಿ ಹಾಕಿದ ಪತ್ರ ಸೇರಿಸಲೋ ಜಾಗ ಬೇಕಾದಾಗ ಅದು ಸರಿ. ಮುಂದಿನ ಅಧ್ಯಾಯ ಶುರುಮಾಡಲು ಅದನ್ನು ಒತ್ತಿದರೆ ನಡುವೆ ಒಂದು ಹಾಳೆ ಪುಕ್ಕಟೆ ಸೇರಿಕೊಳ್ಳುತ್ತದೆ. ಶಿಫ್ಟ್ ಜೊತೆ ಎಂಟರ್ ಒತ್ತಿದರೆ ಬರೀ ಸಾಲು ಮುರಿಯುತ್ತದೆ. ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒತ್ತಿದರೆ ಕಾಲಂ ಬ್ರೇಕ್. ಒಂದೇ ಕಾಲಂ ಇರುವ ಫೈಲಿನಲ್ಲಿ ಕಾಲಂ ಬ್ರೇಕ್ ಕೂಡ ಹೊಸ ಪುಟಕ್ಕೇ ಒಯ್ಯುವುದರಿಂದ ತಪ್ಪಾಗಿದ್ದು ಗೊತ್ತೇ ಆಗುವುದಿಲ್ಲ. ಯಾವತ್ತೋ ಎರಡು ಕಾಲಂ ಮಾಡಿದ ದಿನ ತಲೆ ಕೆಡಿಸುತ್ತದೆ.

ಇನ್ನು ಮುಂದಿನದ್ದೆಲ್ಲ ಮಾಡುವ ಮೊದಲು ಹೋಮ್ ಟ್ಯಾಬಿನಲ್ಲಿರುವ ಪ್ಯಾರಾ ಗುರುತಿನ ಗುಂಡಿ (¶) ಒತ್ತಿಕೊಳ್ಳಿ. ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, 8. ಖಾಲಿ ಪ್ಯಾರಾಗಳು ಇದೇ ಗುರುತಿನಿಂದ, ಪೇಜ್ ಬ್ರೇಕ್, ಸೆಕ್ಷನ್ ಬ್ರೇಕ್‌ಗಳು ಹೆಸರು ಸಮೇತ ಕಾಣುತ್ತವೆ. ಮುದ್ರಣದಲ್ಲಿ ಇವು ಬರುವುದಿಲ್ಲ. ಪುಟದ ತೊಂದರೆಗಳಲ್ಲಿ ಮುಕ್ಕಾಲುಪಾಲು ಈ ಗುಂಡಿ ಒತ್ತಿದ ಕೂಡಲೇ ಬಯಲಾಗುತ್ತವೆ. ಬೇಡದ ಬ್ರೇಕ್ ಕಂಡರೆ ಅದಕ್ಕಿಂತ ಮೊದಲು ಕರ್ಸರ್ ಇಟ್ಟು ಡಿಲೀಟ್ ಒತ್ತಿ. ಬೇರೆಯವರು ಕೊಟ್ಟ ಫೈಲಿನ ತುಂಬ ಬ್ರೇಕ್‌ಗಳಿದ್ದರೆ ಕಂಟ್ರೋಲ್ ಜೊತೆ ‘ಎಚ್’ ಒತ್ತಿ, ‘ಮೋರ್’, ಆಮೇಲೆ ‘ಸ್ಪೆಷಲ್’, ಅದರಲ್ಲಿ ‘ಮ್ಯಾನುಯಲ್ ಪೇಜ್ ಬ್ರೇಕ್’ ಆರಿಸಿ, ರಿಪ್ಲೇಸ್ ಜಾಗವನ್ನು ಖಾಲಿ ಬಿಟ್ಟು ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದು.

ಹತ್ತಾರು ಅಧ್ಯಾಯದ ಬರಹಕ್ಕೆ ಪ್ರತಿ ಸಲ ಕೈಯಿಂದ ಬ್ರೇಕ್ ಹಾಕುವುದೂ ಜಾಣತನವಲ್ಲ. ಅಧ್ಯಾಯದ ಶೀರ್ಷಿಕೆಗಳಿಗೆಲ್ಲ ‘ಹೆಡಿಂಗ್ 1’ ಸ್ಟೈಲ್ (ಹೋಮ್ ಟ್ಯಾಬಿನಲ್ಲಿರುವ ಸಿದ್ಧ ರೂಪ) ಕೊಡಿ. ಸ್ಟೈಲ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಮಾಡಿಫೈ’, ಕೆಳಗಿನ ‘ಫಾರ್ಮ್ಯಾಟ್’, ‘ಪ್ಯಾರಾಗ್ರಾಫ್’, ‘ಲೈನ್ ಆ್ಯಂಡ್ ಪೇಜ್ ಬ್ರೇಕ್ಸ್’ ಟ್ಯಾಬ್, ಅಲ್ಲಿ ‘ಪೇಜ್ ಬ್ರೇಕ್ ಬಿಫೋರ್’ಗೆ ಟಿಕ್ ಹಾಕಿ. ಇನ್ನು ಆ ಸ್ಟೈಲ್ ಪಡೆದ ಪ್ರತಿ ಶೀರ್ಷಿಕೆಯೂ ತಾನಾಗಿ ಹೊಸ ಪುಟದಲ್ಲೇ ಶುರುವಾಗುತ್ತದೆ. ಅಧ್ಯಾಯಗಳನ್ನು ಹಿಂದೆಮುಂದೆ ಮಾಡಿದರೂ ಕೆಡುವುದಿಲ್ಲ. ಆದರೆ ಹಳೆಯ ಬ್ರೇಕ್‌ಗಳನ್ನು ತೆಗೆಯದೆ ಈ ಟಿಕ್ ಹಾಕಿದರೆ ಎರಡೂ ಸೇರಿ ಪ್ರತಿ ಅಧ್ಯಾಯಕ್ಕೂ ಮುಂಚೆ ಒಂದು ಖಾಲಿ ಪುಟ ಬರಬಹುದು. ಕೈಯಿಂದಲೇ ಹಾಕುವವರಿಗೂ ಒಂದು ಎಚ್ಚರಿಕೆ: ಕ್ರಮಸಂಖ್ಯೆ ಇರುವ ಶೀರ್ಷಿಕೆಯ ಮುಂದೆ ನೇರವಾಗಿ ಕಂಟ್ರೋಲ್ ಎಂಟರ್ ಒತ್ತಿದರೆ ಬ್ರೇಕ್ ಕೂತ ಸಾಲಿಗೂ ಹೆಡಿಂಗ್ ಸ್ಟೈಲ್ ಅಂಟಿಕೊಂಡು, 2 ಆಗಬೇಕಾದ ಅಧ್ಯಾಯ 3 ಆಗಿಬಿಡುತ್ತದೆ. ಆ ಸಾಲನ್ನು ಆಯ್ದು ‘ನಾರ್ಮಲ್’ ಸ್ಟೈಲ್ ಕೊಟ್ಟರೆ ಸರಿಹೋಗುತ್ತದೆ.

ಅದೇ ಟ್ಯಾಬಿನಲ್ಲಿ ಇನ್ನೂ ಮೂರು ಟಿಕ್‌ಗಳಿವೆ. ‘ವಿಡೋ/ಆರ್ಫನ್ ಕಂಟ್ರೋಲ್’ ಪ್ಯಾರಾದ ಒಂದೇ ಸಾಲು ಪುಟದ ತುದಿಯಲ್ಲೋ ತಲೆಯಲ್ಲೋ ಒಂಟಿಯಾಗದಂತೆ ನೋಡಿಕೊಳ್ಳುತ್ತದೆ. ‘ಕೀಪ್ ಲೈನ್ಸ್ ಟುಗೆದರ್’ ಒಂದು ಪ್ಯಾರಾವನ್ನು ಎರಡು ಪುಟಕ್ಕೆ ಹಂಚಲು ಬಿಡುವುದಿಲ್ಲ. ಹೆಚ್ಚು ಉಪಯೋಗದ್ದು ‘ಕೀಪ್ ವಿತ್ ನೆಕ್ಸ್ಟ್’: ಈ ಪ್ಯಾರಾ ಮುಂದಿನ ಪ್ಯಾರಾವನ್ನು ಬಿಟ್ಟಿರಕೂಡದು ಎಂಬ ಕಟ್ಟಳೆ. ಉಪಶೀರ್ಷಿಕೆಗೆ ಇದು ಬೇಕು. ಚಿತ್ರದ ಕೆಳಗೆ ವಿವರಣೆ ಬರುವುದಾದರೆ ಚಿತ್ರವಿರುವ ಪ್ಯಾರಾಕ್ಕೂ ಬೇಕು. ಎಲ್ಲದಕ್ಕೂ ಹಾಕಿಬಿಟ್ಟರೆ ಮಾತ್ರ ಪ್ಯಾರಾಗಳೆಲ್ಲ ಒಂದಕ್ಕೊಂದು ಕೈಹಿಡಿದು ಒಟ್ಟಿಗೆ ಮುಂದಿನ ಪುಟಕ್ಕೆ ಜಿಗಿಯುತ್ತವೆ, ಹಿಂದೆ ಅರ್ಧ ಪುಟ ಬರಿದು. ಕಾರಣವಿಲ್ಲದೆ ಅರ್ಧ ಪುಟ ಖಾಲಿ ಕಂಡರೆ ಪ್ಯಾರಾದ ಎಡ ಅಂಚಿನಲ್ಲಿ ಸಣ್ಣ ಕಪ್ಪು ಚೌಕಗಳಿವೆಯೇ ನೋಡಿ. ಪ್ಯಾರಾ ಗುರುತು ತೋರಿಸುವಾಗ ಮಾತ್ರ ಕಾಣುವ ಈ ಚೌಕಗಳು ಇಂಥ ಕಟ್ಟಳೆ ಇರುವ ಕುರುಹು.

ಈಗ ಎಲ್ಲರೂ ಎಡವುವ ಜಾಗ. ಮುಖಪುಟಕ್ಕೆ ಸಂಖ್ಯೆ ಬೇಡ. ದೃಢೀಕರಣ ಪತ್ರ, ಕೃತಜ್ಞತೆ, ಪರಿವಿಡಿಗೆ ರೋಮನ್ ಅಂಕಿ. ಮೊದಲ ಅಧ್ಯಾಯದಿಂದ 1, 2, 3. ಪೇಜ್ ಬ್ರೇಕ್‌ನಿಂದ ಇದು ಆಗದು. ಪೇಜ್ ಬ್ರೇಕ್ ಪುಟವನ್ನಷ್ಟೇ ಬದಲಿಸುತ್ತದೆ, ಪುಟದ ನಿಯಮಗಳನ್ನಲ್ಲ. ಪುಟಸಂಖ್ಯೆ, ಅಂಚು, ಹಾಳೆಯ ದಿಕ್ಕು, ಹೆಡರ್, ಫೂಟರ್ (ಪುಟದ ತಲೆಯ, ಅಡಿಯ ಬರಹ) ಬೇರೆಯಾಗಬೇಕಾದಲ್ಲಿ ಫೈಲನ್ನು ಬೇರೆ ಬೇರೆ ನಿಯಮದ ಭಾಗಗಳಾಗಿ ಒಡೆಯುವ ಸೆಕ್ಷನ್ ಬ್ರೇಕ್ ಬೇಕು. ಹೀಗೆ ಮಾಡಿ:

1. ಮೊದಲ ಅಧ್ಯಾಯದ ಶೀರ್ಷಿಕೆಗಿಂತ ಮೊದಲು ಕರ್ಸರ್ ಇಟ್ಟು ಲೇಔಟ್, ‘ಬ್ರೇಕ್ಸ್’, ಸೆಕ್ಷನ್ ಬ್ರೇಕ್ಸ್ ಕೆಳಗಿನ ‘ನೆಕ್ಸ್ಟ್ ಪೇಜ್’ ಒತ್ತಿ. ಅಲ್ಲಿ ಮೊದಲೇ ಪೇಜ್ ಬ್ರೇಕ್ ಇದ್ದರೆ ತೆಗೆಯಿರಿ.
2. ಆ ಅಧ್ಯಾಯದ ಪುಟದ ಅಡಿಯಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಫೂಟರ್ ತೆರೆಯುತ್ತದೆ. ಮೇಲೆ ‘ಲಿಂಕ್ ಟು ಪ್ರೀವಿಯಸ್’ ಬೆಳಗುತ್ತಿರುತ್ತದೆ, ಅದನ್ನು ಒತ್ತಿ ಆಫ್ ಮಾಡಿ. ಹೆಡರ್‌ಗೂ ಬೇರೆಯಾಗಿ ಇದನ್ನೇ ಮಾಡಬೇಕು.
3. ಆಮೇಲೆ ಪುಟಸಂಖ್ಯೆ ಸೇರಿಸಿ, ‘ಫಾರ್ಮ್ಯಾಟ್ ಪೇಜ್ ನಂಬರ್ಸ್’ನಲ್ಲಿ ‘ಸ್ಟಾರ್ಟ್ ಆ್ಯಟ್’ 1 ಕೊಡಿ.
4. ಹಿಂದಿನ ಸೆಕ್ಷನ್ನಿಗೆ ಹೋಗಿ ಪುಟಸಂಖ್ಯೆ ಸೇರಿಸಿ, ರೋಮನ್ ಅಂಕಿ ಆರಿಸಿ. ಮುಖಪುಟದ ಸಂಖ್ಯೆ ಮರೆಯಾಗಲು ‘ಡಿಫರೆಂಟ್ ಫಸ್ಟ್ ಪೇಜ್’ಗೆ ಟಿಕ್.

ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಇಲ್ಲಿ ಫೂಟರಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅಲ್ಲಿ ಬರೆದದ್ದು ಇಲ್ಲೂ ಬರುತ್ತದೆ. ‘ವರ್ಡ್ ಹೇಳಿದ ಮಾತು ಕೇಳಲ್ಲ’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಅಗಲವಾದ ಕೋಷ್ಟಕಕ್ಕೆ ಒಂದೇ ಪುಟ ಅಡ್ಡವಾಗಿ ಬೇಕಿದ್ದರೆ ಆ ಕೋಷ್ಟಕವನ್ನು ಅದರ ಶೀರ್ಷಿಕೆ ಸಮೇತ ಆಯ್ದು, ಲೇಔಟ್, ‘ಮಾರ್ಜಿನ್ಸ್’, ‘ಕಸ್ಟಮ್ ಮಾರ್ಜಿನ್ಸ್’ ತೆರೆದು ‘ಲ್ಯಾಂಡ್‌ಸ್ಕೇಪ್’ ಒತ್ತಿ, ಕೆಳಗೆ ‘ಅಪ್ಲೈ ಟು’ ಎಂಬಲ್ಲಿ ‘ಸೆಲೆಕ್ಟೆಡ್ ಟೆಕ್ಸ್ಟ್’ ಆರಿಸಿ. ಹಿಂದೆ ಮುಂದೆ ಎರಡೂ ಸೆಕ್ಷನ್ ಬ್ರೇಕ್‌ಗಳನ್ನು ವರ್ಡ್ ತಾನೇ ಹಾಕುತ್ತದೆ.

ಸೆಕ್ಷನ್ ಬ್ರೇಕ್ ಅಳಿಸುವಾಗ ಒಂದನ್ನು ಮರೆಯಬಾರದು. ಒಂದು ಸೆಕ್ಷನ್ನಿನ ನಿಯಮಗಳೆಲ್ಲ ಅದರ ಕೊನೆಯಲ್ಲಿರುವ ಬ್ರೇಕ್‌ನೊಳಗೆ ಅಡಗಿರುತ್ತವೆ. ಬ್ರೇಕ್ ಅಳಿಸಿದರೆ ಅದರ ಹಿಂದಿನ ಬರಹ ಮುಂದಿನ ಸೆಕ್ಷನ್ನಿನ ರೂಪಕ್ಕೆ ತಿರುಗುತ್ತದೆ. ಅಡ್ಡ ಪುಟದ ಮುಂಚಿನ ಬ್ರೇಕ್ ಅಳಿಸಿ, ಹಿಂದಿನ ಮೂವತ್ತು ಪುಟವೂ ಅಡ್ಡವಾಗಿದ್ದು ನೋಡಿ ಗಾಬರಿಯಾದರೆ ಕಂಟ್ರೋಲ್ ಜೊತೆ ‘ಝಡ್’ ಒತ್ತಿ ಉಸಿರಾಡಿ.

ಕೋಷ್ಟಕದೊಳಗೆ ಕಂಟ್ರೋಲ್ ಎಂಟರ್ ಒತ್ತಬೇಡಿ. ಕೋಷ್ಟಕ ಎರಡು ತುಂಡಾಗುತ್ತದೆ, ತಲೆಸಾಲು ಎರಡನೇ ಪುಟದಲ್ಲಿ ಮರುಕಳಿಸುವುದಿಲ್ಲ. ಬದಲಿಗೆ ಮೊದಲ ಸಾಲಿನಲ್ಲಿ ಕರ್ಸರ್ ಇಟ್ಟು ಟೇಬಲ್ ಲೇಔಟ್ ಟ್ಯಾಬಿನ ‘ರಿಪೀಟ್ ಹೆಡರ್ ರೋಸ್’ ಒತ್ತಿ. ‘ಪ್ರಾಪರ್ಟೀಸ್’ ತೆರೆದು ‘ರೋ’ ಟ್ಯಾಬಿನಲ್ಲಿ ‘ಅಲೋ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಟಿಕ್ ತೆಗೆಯಿರಿ. ಸಣ್ಣ ಕೋಷ್ಟಕ ಒಂದೇ ಪುಟದಲ್ಲಿ ನಿಲ್ಲಬೇಕಾದರೆ ಕೊನೆಯ ಸಾಲನ್ನು ಬಿಟ್ಟು ಉಳಿದ ಸಾಲುಗಳಿಗೆ ‘ಕೀಪ್ ವಿತ್ ನೆಕ್ಸ್ಟ್’ ಕೊಡಿ.

ಅಳಿಸಲಾಗದ ಖಾಲಿ ಪುಟಗಳಿಗೆ ಬರೋಣ. ಫೈಲಿನ ಕೊನೆಯ ವಸ್ತು ಕೋಷ್ಟಕವಾಗಿದ್ದರೆ ಅದರ ನಂತರ ಒಂದು ಪ್ಯಾರಾ ಇರಲೇಬೇಕೆಂಬುದು ವರ್ಡ್‌ನ ಕಟ್ಟುನಿಟ್ಟು. ಕೋಷ್ಟಕ ಪುಟ ತುಂಬಿದ್ದರೆ ಆ ಪ್ಯಾರಾ ಮುಂದಿನ ಪುಟಕ್ಕೆ ಬೀಳುತ್ತದೆ. ಅದನ್ನು ಅಳಿಸಲಾಗದು, ಕುಗ್ಗಿಸಬಹುದು: ಫಾಂಟ್ ಸೈಜ್ 1, ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ 1 ಪಾಯಿಂಟ್, ಬಿಫೋರ್ ಮತ್ತು ಆಫ್ಟರ್ ಸೊನ್ನೆ. ಕೊನೆಯಲ್ಲಿ ಸೆಕ್ಷನ್ ಬ್ರೇಕ್‌ನಿಂದ ಖಾಲಿ ಪುಟ ಬಂದಿದ್ದರೆ ಅದನ್ನು ಅಳಿಸದೆ, ಆ ಖಾಲಿ ಪುಟದಲ್ಲಿ ಕರ್ಸರ್ ಇಟ್ಟು ಪೇಜ್ ಸೆಟಪ್ ಡೈಲಾಗ್‌ನ ಲೇಔಟ್ ಟ್ಯಾಬಿನಲ್ಲಿ ‘ಸೆಕ್ಷನ್ ಸ್ಟಾರ್ಟ್’ ಅನ್ನು ‘ಕಂಟಿನ್ಯುಯಸ್’ ಮಾಡಿ. ಪರದೆಯಲ್ಲಿ ಕಾಣದೆ ಮುದ್ರಣದಲ್ಲಿ ಮಾತ್ರ ಬರುವ ಖಾಲಿ ಪುಟವೂ ಒಂದಿದೆ. ಬ್ರೇಕ್ ‘ಆಡ್ ಪೇಜ್’ (ಬೆಸ ಸಂಖ್ಯೆಯ ಪುಟ) ಬಗೆಯದಾಗಿದ್ದು ಹಿಂದಿನ ಅಧ್ಯಾಯ 5ನೇ ಪುಟದಲ್ಲಿ ಮುಗಿದರೆ ಮುಂದಿನದು ನೇರ 7ಕ್ಕೆ ಹೋಗುತ್ತದೆ. ನಡುವಿನ 6 ಮುದ್ರಿಸುವಾಗ ಖಾಲಿ ಬರುತ್ತದೆ. ಎರಡೂ ಬದಿ ಮುದ್ರಿಸಿ ಅಧ್ಯಾಯಗಳು ಬಲಪುಟದಲ್ಲೇ ಶುರುವಾಗಬೇಕಿದ್ದರೆ ಇದು ಸರಿ. ಒಂದೇ ಬದಿಗೆ ಮುದ್ರಿಸುವವರಿಗೆ ‘ನೆಕ್ಸ್ಟ್ ಪೇಜ್’ ಸಾಕು.

ಪುಟ ಉಳಿಸಲು ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಮಾಡಿ ಬಿಗಿಯುವ ಚಾಳಿ ಕನ್ನಡಕ್ಕೆ ಒಗ್ಗದು. 12 ಪಾಯಿಂಟ್ ಅಕ್ಷರಕ್ಕೆ ‘ಎಕ್ಸಾಕ್ಟ್ಲಿ’ 12 ಕೊಟ್ಟರೆ ‘ರಾಷ್ಟ್ರ’ದ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್’ 1.15ರಲ್ಲಿ ಬಿಡಿ, ಪುಟ ಎರಡು ಹೆಚ್ಚಾದರೆ ಆಗಲಿ.

ವರ್ಡ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲೂ ಕಂಟ್ರೋಲ್ ಎಂಟರ್ ನಡೆಯುತ್ತದೆ, ಒಳಗಿನ ಕಥೆ ಬೇರೆ. ಅಲ್ಲಿ ಬ್ರೇಕ್ ಒಂದು ಅಕ್ಷರವಲ್ಲ, ಮುಂದಿನ ಪ್ಯಾರಾದ ಗುಣ. ತೆಗೆಯಲು ಆ ಪ್ಯಾರಾದ ಮೊದಲಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರಾಯಿತು. ಪುಟಸಂಖ್ಯೆಯನ್ನೋ ಹಾಳೆಯ ದಿಕ್ಕನ್ನೋ ಬದಲಿಸಲು ಇನ್ಸರ್ಟ್, ‘ಮೋರ್ ಬ್ರೇಕ್ಸ್’, ‘ಮ್ಯಾನುಯಲ್ ಬ್ರೇಕ್’ನಲ್ಲಿ ಪೇಜ್ ಸ್ಟೈಲ್ (ಪುಟದ ನಿಯಮಗಳ ಗುಂಪು) ಆರಿಸಿ, ಹೊಸ ಸಂಖ್ಯೆಯನ್ನೂ ಅಲ್ಲೇ ಕೊಡಬಹುದು. ತಾನಾಗಿ ಸೇರುವ ಖಾಲಿ ಪುಟ ಮುದ್ರಣವಾಗಬಾರದೆಂದರೆ ಆಪ್ಷನ್ಸ್‌ನಲ್ಲಿ ರೈಟರ್‌ನ ‘ಪ್ರಿಂಟ್’ ಭಾಗಕ್ಕೆ ಹೋಗಿ ‘ಪ್ರಿಂಟ್ ಆಟೊಮ್ಯಾಟಿಕಲಿ ಇನ್ಸರ್ಟೆಡ್ ಬ್ಲ್ಯಾಂಕ್ ಪೇಜಸ್’ ಟಿಕ್ ತೆಗೆಯಬೇಕು.

ಗೂಗಲ್ ಡಾಕ್ಸ್‌ನಲ್ಲಿ ಇನ್ಸರ್ಟ್, ‘ಬ್ರೇಕ್’ ಕೆಳಗೆ ಪೇಜ್ ಬ್ರೇಕ್, ಸೆಕ್ಷನ್ ಬ್ರೇಕ್ ಎರಡೂ ಇವೆ. ಮೊಬೈಲ್ ಆ್ಯಪ್‌ನಲ್ಲಿ ಮೇಲಿನ ಕೂಡಿಸುವ ಚಿಹ್ನೆ ಒತ್ತಿದರೆ ಪೇಜ್ ಬ್ರೇಕ್ ಸಿಗುತ್ತದೆ. ಪುಟಗಳೇ ಕಾಣದೆ ಬರಹ ಒಂದೇ ಸುರುಳಿಯಂತೆ ಹರಿಯುತ್ತಿದ್ದರೆ ಫೈಲ್ ‘ಪೇಜ್‌ಲೆಸ್’ ಆಗಿದೆ. ಫೈಲ್ ಮೆನುವಿನ ‘ಪೇಜ್ ಸೆಟಪ್’ನಲ್ಲಿ ‘ಪೇಜಸ್’ ಆರಿಸಿ.

ಎಲ್ಲ ಮುಗಿದ ಮೇಲೆ ಪರಿವಿಡಿಯ ಮೇಲೆ ಬಲಗುಂಡಿ ಒತ್ತಿ ‘ಅಪ್‌ಡೇಟ್ ಫೀಲ್ಡ್’ ಕೊಟ್ಟು, ಫೈಲನ್ನು ಪಿಡಿಎಫ್ ಮಾಡಿ ಅಂಗಡಿಗೆ ಒಯ್ಯಿರಿ. ಸಾಮಾನ್ಯವಾಗಿ ಫಾಂಟ್ ಪಿಡಿಎಫ್‌ನೊಳಗೇ ಸೇರುವುದರಿಂದ ಅಲ್ಲಿ ತುಂಗಾ ಇದ್ದರೂ ಇಲ್ಲದಿದ್ದರೂ ಪುಟ ಅಲುಗುವುದಿಲ್ಲ. ಪ್ರಿಂಟ್ ಕೊಡುವಾಗ ‘ಆ್ಯಕ್ಚುವಲ್ ಸೈಜ್’ ಇರಲಿ; ಎರಡೂ ಬದಿ ಮುದ್ರಿಸುವುದಾದರೆ ‘ಫ್ಲಿಪ್ ಆನ್ ಲಾಂಗ್ ಎಡ್ಜ್’ ಎಂದು ಹೇಳಿ, ಇಲ್ಲವಾದರೆ ಹಾಳೆಯ ಹಿಂಬದಿ ತಲೆಕೆಳಗಾಗಿ ಬರುತ್ತದೆ.