ಟ್ಯೂನ್ ಮಾಡಿದ ಗಾಡಿಗೆ ಇ20: ಘಟ್ಟ ಇಳಿಯುವ ಮೊದಲು ಜೆಟ್ ನೋಡಿ

ಶಿರಸಿಯಲ್ಲಿ ಟ್ಯೂನ್ ಮಾಡಿಸಿದ ಬೈಕು ಊರೊಳಗೆ ಚೆನ್ನಾಗಿಯೇ ಓಡುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ, ಹೆದ್ದಾರಿ 66ರಲ್ಲಿ ಅರ್ಧ ತಾಸು ಪೂರ್ತಿ ಥ್ರಾಟಲ್ ತಿರುವಿದರೆ ಎಂಜಿನ್ ಕಾಯುತ್ತದೆ, ಪಿಕಪ್ ಇಳಿಯುತ್ತದೆ. ಟೂ ಸ್ಟ್ರೋಕ್ ಆದರೆ ಪಿಸ್ಟನ್ ಸೀಜ್ ಆಗುವುದೂ ಉಂಟು. ಇ20 ಎಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್ (ಇ10ರಲ್ಲಿ ಶೇ 10). ಬೈಗುಳವೆಲ್ಲ ಆ ಎಥನಾಲ್‌ಗೆ ಬೀಳುತ್ತದೆ. ಅದರ ಪಾಲು ಇದೆ ನಿಜ, ಆದರೆ ಘಟ್ಟದ ಪಾಲೂ ಇದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಮಾತ್ರ ಟ್ಯೂನಿಂಗ್ ಸರಿಹೋಗುತ್ತದೆ.

ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುತ್ತದೆ. ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಇ10ಕ್ಕೆ ಈ ಅಂಕಿ 14.1ರ ಹತ್ತಿರ, ಇ20ಕ್ಕೆ 13.5ರ ಹತ್ತಿರ. ಹಾಗಾಗಿ ಇ10ಕ್ಕೆ ಹೊಂದಿಸಿದ ಎಂಜಿನ್‌ಗೆ ಇ20 ಹಾಕಿದರೆ ಇಂಧನ ಸುಮಾರು ಶೇ 4ರಷ್ಟು ಕಡಿಮೆ ಬೀಳುತ್ತದೆ, ಗಾಡಿ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಅಲ್ಲಿಗೆ ಹೊಂದಿಸಿದ ಕಾರ್ಬೊರೇಟರ್ ಕರಾವಳಿಯ ದಟ್ಟ ಗಾಳಿಗೆ ಬಂದಾಗ ಮತ್ತೆ ಶೇ 3ರಷ್ಟು ಲೀನ್. ಒಟ್ಟು ಶೇ 7. ಪೋರ್ಟ್ ಕೊರೆದು, ಕಂಪ್ರೆಷನ್ ಏರಿಸಿದ ಎಂಜಿನ್ ಇಷ್ಟನ್ನು ತಾಳುವುದಿಲ್ಲ.

ಮೊದಲು ಟ್ಯಾಂಕಿನಲ್ಲಿರುವುದೇನೆಂದು ಅಳೆಯಿರಿ

100 ಮಿ.ಲೀ. ಅಳತೆ ಜಾಡಿಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ. ಬಾಯಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜತೆ ಸೇರಿ ತಳಕ್ಕೆ ಇಳಿಯುತ್ತದೆ. ನೀರಿಗೆ ಮೊದಲೇ ಒಂದು ಹನಿ ಅಡುಗೆ ಬಣ್ಣ ಹಾಕಿದ್ದರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ತಳದ ಪದರ 28ರ ಆಸುಪಾಸಿಗೆ ನಿಂತರೆ, ಅದರಲ್ಲಿ 10 ಕಳೆದು 90ರಿಂದ ಭಾಗಿಸಿ: ಶೇ 20. ಬಯಲಿನಲ್ಲೇ ಮಾಡಿ, ಒಲೆಯಿಂದ ದೂರ. ಪರೀಕ್ಷೆ ಮಾಡಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಕಾರ್ಬೊರೇಟರ್ ಇದ್ದರೆ

ಜೆಟ್ ಎಂದರೆ ಕಾರ್ಬೊರೇಟರ್ ಒಳಗೆ ಇಂಧನ ಹಾಯುವ ಸಣ್ಣ ರಂಧ್ರದ ತುಣುಕು. ಅದನ್ನು ಬದಲಿಸುವಾಗ ಹೆಚ್ಚಿನವರು ಎಡವುವುದು ಸಂಖ್ಯೆಯಲ್ಲಿ. ಕೈಹಿನ್ ಕಂಪನಿಯ ಮೇನ್ ಜೆಟ್‌ನ ಸಂಖ್ಯೆ ರಂಧ್ರದ ವ್ಯಾಸ: 110 ಎಂದರೆ 1.10 ಮಿ.ಮೀ. ಇಂಧನ ಶೇ 4 ಹೆಚ್ಚಬೇಕಾದರೆ ವ್ಯಾಸ ಶೇ 2 ಹೆಚ್ಚಿದರೆ ಸಾಕು, ಅಂದರೆ 112. ಮಿಕುನಿ ಕಂಪನಿಯ ಷಟ್ಕೋನ ಜೆಟ್‌ನ ಸಂಖ್ಯೆ ಹರಿವಿನದು, ಅದರಲ್ಲಿ 110 ಇದ್ದಲ್ಲಿ 115 ಬೇಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು. ಘಟ್ಟದ ಮೇಲೆ ಇ10ಕ್ಕೆ ಹೊಂದಿಸಿದ್ದ ಕೈಹಿನ್ 110ನ್ನು ಕರಾವಳಿಯ ಇ20ಕ್ಕೆ ತರುವುದಾದರೆ 115ರಿಂದ ಶುರು ಮಾಡಿ. ಆ ಜೆಟ್‌ನಲ್ಲೇ ಮತ್ತೆ ಶಿರಸಿಗೆ ಹತ್ತಿದರೆ ಗಾಡಿ ತುಸು ರಿಚ್ ಆಗಿ (ಇಂಧನ ಹೆಚ್ಚಾಗಿ) ಪಿಕಪ್ ಕೊಂಚ ಮಂದವಾದೀತು, ಎಂಜಿನ್ ಮಾತ್ರ ಉಳಿಯುತ್ತದೆ. ಆದ್ದರಿಂದ ಎರಡೂ ಕಡೆ ಓಡಾಡುವವರು ಕೆಳಗೇ, ಸಮುದ್ರ ಮಟ್ಟದಲ್ಲೇ ಟ್ಯೂನ್ ಮಾಡಿಸಬೇಕು.

ಮೇನ್ ಜೆಟ್ ಪೂರ್ತಿ ಥ್ರಾಟಲ್‌ಗೆ ಮಾತ್ರ. ಅರ್ಧ ಥ್ರಾಟಲ್‌ನಲ್ಲಿ ಎಳೆದಾಡಿದರೆ ಕಾರ್ಬೊರೇಟರ್ ಒಳಗಿನ ಸೂಜಿಯ ಕ್ಲಿಪ್ ಒಂದು ಕಚ್ಚು ಕೆಳಕ್ಕಿಳಿಸಿ, ಸೂಜಿ ಮೇಲೇರಿ ಇಂಧನ ಹೆಚ್ಚುತ್ತದೆ. ಪ್ಲಗ್ ಬಣ್ಣವನ್ನೇ ನಂಬಿ ಕೂರಬೇಡಿ. ಎಥನಾಲ್ ಮಸಿ ಕಡಿಮೆ ಬಿಡುವುದರಿಂದ ಸರಿಯಿದ್ದಾಗಲೂ ಪ್ಲಗ್ ಬಿಳಿಚಿಕೊಂಡಂತೆ ಕಾಣುತ್ತದೆ.

ಇಂಜೆಕ್ಷನ್ ಗಾಡಿಯಲ್ಲಿ

ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ತಾನೇ ಸರಿಪಡಿಸುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಹೆಚ್ಚಿನ ಇಸಿಯುಗಳು ಸೆನ್ಸರ್ ಮಾತು ಕೇಳುವುದಿಲ್ಲ, ಮೊದಲೇ ತುಂಬಿಟ್ಟ ಇಂಧನದ ಪಟ್ಟಿ, ಅಂದರೆ ಮ್ಯಾಪ್‌ನಲ್ಲಿ ಬರೆದದ್ದನ್ನೇ ಸುರಿಯುತ್ತವೆ. ಅಪಾಯ ಇರುವುದೇ ಅಲ್ಲಿ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಗೇಜನ್ನು ಲ್ಯಾಂಬ್ಡಾದಲ್ಲಿ ಓದಿ (ಯಾವ ಇಂಧನಕ್ಕೂ 1 ಎಂದರೆ ಸರಿಸಮ ಗಾಳಿ, ಅದಕ್ಕಿಂತ ಕಡಿಮೆ ಎಂದರೆ ರಿಚ್). 12.5, 13 ಎಂಬ ಗಾಳಿ-ಇಂಧನ ಅಂಕಿಗಳು ಪೆಟ್ರೋಲ್ ಅಳತೆಯವು, ಎಥನಾಲ್ ಪ್ರಮಾಣ ಬದಲಾದರೆ ದಾರಿ ತಪ್ಪಿಸುತ್ತವೆ. ಟರ್ಬೊ ಇಲ್ಲದ ಎಂಜಿನ್‌ಗೆ ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.86ರಿಂದ 0.88, ಟರ್ಬೊ ಇದ್ದರೆ 0.78ರಿಂದ 0.82 ಇರಲಿ. ಇಂಜೆಕ್ಟರ್ ಡ್ಯೂಟಿ, ಅಂದರೆ ಅದು ತೆರೆದಿರುವ ಸಮಯದ ಪಾಲು, ಶೇ 85 ದಾಟಬಾರದು. ಇ10ರಲ್ಲೇ 83 ಇದ್ದರೆ ಇ20ರಲ್ಲಿ ಮಿತಿ ಮೀರಿದಂತೆಯೇ, ದೊಡ್ಡ ಇಂಜೆಕ್ಟರ್ ಹಾಕಿ.

ಮ್ಯಾಪ್ ಸರಿಯಾದ ಮೇಲೆಯೇ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಗಳಿಗೆಯನ್ನು, ಮುಟ್ಟಬೇಕು. ಇ20ರ ಆಕ್ಟೇನ್ (ಅಕಾಲದಲ್ಲಿ ಸಿಡಿಯದೆ ತಾಳುವ ಅಳತೆ) 95, ಜತೆಗೆ ಎಥನಾಲ್ ಆವಿಯಾಗುವಾಗ ಒಳಗಿನ ಗಾಳಿಯನ್ನು ತಣಿಸುತ್ತದೆ. ಟ್ಯೂನ್ ಮಾಡುವವರಿಗೆ ಇ20 ಕೊಡುವ ನಿಜವಾದ ಲಾಭ ಇದೇ. ಒಂದು ಸಲಕ್ಕೆ ಒಂದೇ ಡಿಗ್ರಿ ಮುಂದೆ ತನ್ನಿ, ಎರಡಕ್ಕೆ ನಿಲ್ಲಿಸಿ. ಅರಬೈಲ್ ಘಟ್ಟದಂಥ ಏರಿನಲ್ಲಿ ಮೂರನೇ ಗೇರ್, ಕಡಿಮೆ ಆರ್‌ಪಿಎಂ, ಪೂರ್ತಿ ಥ್ರಾಟಲ್‌ನಲ್ಲಿ ಕಿವಿಗೊಡಿ. ಕಟಕಟ (ನಾಕಿಂಗ್) ಕೇಳಿದ ತಕ್ಷಣ ಥ್ರಾಟಲ್ ಬಿಡಿ, ಎರಡು ಡಿಗ್ರಿ ಹಿಂದಕ್ಕೆ ಹೋಗಿ. ಮೈಲೇಜ್ ಮಾತ್ರ ಮರಳಿ ಬಾರದು, ಲೀಟರ್ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ.

ಇ85, ಇ100 ಬೇರೆಯೇ ಲೋಕ. ಅವಕ್ಕೆ ಎಥನಾಲ್ ಸೆನ್ಸರ್, ದೊಡ್ಡ ಪಂಪು, ಹೊಸ ಮ್ಯಾಪ್ ಎಲ್ಲವೂ ಬೇಕು. ಸ್ಪಿರಿಟ್ ತಂದು ಮನೆಯಲ್ಲಿ ಬೆರೆಸುವ ಸಾಹಸ ಬೇಡವೇ ಬೇಡ, ಅದರಲ್ಲಿ ನೀರಿರುತ್ತದೆ.

ರಬ್ಬರ್ ಮತ್ತು ಫಿಲ್ಟರ್

2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಇಂಧನ ಪೈಪು, ಓ ರಿಂಗ್, ಫ್ಲೋಟ್ ಸೂಜಿಯ ತುದಿ ನೋಡಿ. ಊದಿಕೊಂಡಿದ್ದರೆ, ಬಿರಿದಿದ್ದರೆ ಎಥನಾಲ್ ತಾಳುವ ರಬ್ಬರ್ ಆದ ವೈಟಾನ್‌ನದು ಹಾಕಿ. ಇಂಜೆಕ್ಷನ್ ಲೈನಿಗೆ ಜೆ30 ಆರ್9 ಗುರುತಿನ ಹೋಸ್ ಕೇಳಿ ಪಡೆಯಿರಿ. ಎಥನಾಲ್ ಟ್ಯಾಂಕಿನ ಹಳೆ ಅಂಟು, ತುಕ್ಕನ್ನು ಕಿತ್ತು ತರುತ್ತದೆ, ಎರಡು ಟ್ಯಾಂಕ್ ಮುಗಿದ ಮೇಲೆ ಫಿಲ್ಟರ್ ಬದಲಿಸಿ.

ಮಳೆಗಾಲ

ಕಾರವಾರದಿಂದ ಭಟ್ಕಳದವರೆಗೆ ಟ್ಯೂನ್ ಮಾಡಿದ ಗಾಡಿಯನ್ನು ಹೆಚ್ಚು ಕಾಡುವುದು ನೀರು. 10 ಲೀಟರ್ ಇ10ರಲ್ಲಿ ಸುಮಾರು 50 ಮಿ.ಲೀ. ನೀರು ಕರಗಿ ಕಾಣದೆ ಉಳಿಯಬಲ್ಲದು, ಇ20 ಇನ್ನಷ್ಟು ತಾಳುತ್ತದೆ. ಮಿತಿ ದಾಟಿದ ಕ್ಷಣ ನೀರೂ ಎಥನಾಲೂ ಒಟ್ಟಿಗೆ ತಳ ಸೇರುತ್ತವೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ, ಟೈಮಿಂಗ್ ಏರಿಸಿದ ಎಂಜಿನ್ ನಾಕಿಂಗ್ ಶುರು ಮಾಡುತ್ತದೆ. ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್‌ನಲ್ಲಿ ಇನ್ನೂ ಕೆಟ್ಟದ್ದು: ತಳದ ಪದರದಲ್ಲಿ ಆಯಿಲ್ ನಿಲ್ಲುವುದೇ ಇಲ್ಲ, ಎಂಜಿನ್ ಮೊದಲು ಹೀರುವುದು ಅದನ್ನೇ.

ಆ ನೀರು ಬರುವ ಮುಖ್ಯ ದಾರಿ ಟ್ಯಾಂಕ್ ಮುಚ್ಚಳ. ಹಲವು ಬೈಕುಗಳಲ್ಲಿ ಮುಚ್ಚಳದ ಸುತ್ತ ನಿಂತ ಮಳೆನೀರು ಹರಿದು ಹೋಗಲು ಸಣ್ಣ ತೂತು, ಅದಕ್ಕೊಂದು ಪೈಪು ಇರುತ್ತದೆ. ಮಣ್ಣು ಕಟ್ಟಿದರೆ ನೀರು ಅಲ್ಲೇ ನಿಂತು ಸೀಲ್ ಸಂದಿಯಿಂದ ಒಳಗಿಳಿಯುತ್ತದೆ. ಜೂನ್‌ಗೆ ಮೊದಲು ತೆಳು ತಂತಿಯಿಂದ ತೂತು ಬಿಡಿಸಿ, ಲೋಟ ನೀರು ಸುರಿದು ಕೆಳಗಿನ ಪೈಪಿನಿಂದ ಬರುತ್ತದೆಯೇ ನೋಡಿ. ಗಟ್ಟಿಯಾದ ಸೀಲ್ ಬದಲಿಸಿ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಭರ್ತಿ ಮಾಡಿ, ಕಾರ್ಬೊರೇಟರ್ ಬೌಲ್ ಮಾತ್ರ ಖಾಲಿ ಮಾಡಿ. ಅರ್ಧ ಟ್ಯಾಂಕ್ ಬಿಟ್ಟರೆ ಒಳಗಿನ ಗಾಳಿಯ ತೇವವೇ ಹನಿಗಟ್ಟುತ್ತದೆ. ನವರಾತ್ರಿಗೆ ಹೊರತೆಗೆಯುವಾಗ ಸ್ಟಾರ್ಟ್ ಮಾಡುವ ಮೊದಲು ತಳದಿಂದ ಕಾಲು ಲೀಟರ್ ಗಾಜಿನ ಬಾಟಲಿಗೆ ಇಳಿಸಿ, ಬೆಳಕಿಗೆ ಹಿಡಿಯಿರಿ. ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಮೇಲೆ ಹೊಸ ಪೆಟ್ರೋಲ್ ಸುರಿದು ಓಡಿಸಬೇಡಿ.